ಸ್ಲ್ಯಾಬಿನ ಮೇಲಿನ ಸವಳು ಮಣ್ಣು

ನನ್ನ ಮನೆಗೂ ಕೃಷ್ಣವ್ವನ ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ಸ್ಲ್ಯಾಬು. ಆ ಕಡೆ ಅವಳು ಖಾರ ಕುಟ್ಟಿದರೆ ಈ ಕಡೆ ನನ್ನ ನೆಲುವಿನ ಗಡಿಗೆ ಅಲುಗುತ್ತದೆ, ಸೀನು ನನಗೆ ಬರುತ್ತದೆ.

ಹಳೆ ಊರಿನಲ್ಲಿ ಹೀಗಿರಲಿಲ್ಲ. ಅಲ್ಲಿ ನಮ್ಮ ಓಣಿ ದಿನ್ನೆಯ ಮೇಲೆ, ಅವರ ಕೇರಿ ಹೊಳೆಯ ದಂಡೆಗೆ. ಮಲಪ್ರಭೆ ಉಕ್ಕಿ ಬಂದ ವರ್ಷ ಎರಡೂ ಹೋದವು. ನೀರಿಗೆ ಮೇಲು ಕೀಳು ಗೊತ್ತಿಲ್ಲ ಎಂದು ಜನ ಅನ್ನುತ್ತಾರೆ. ಗೊತ್ತಿತ್ತು, ಮೊದಲು ಅವರ ಮನೆಗೇ ಹೋಯಿತು. ಆಮೇಲೆ ಸರಕಾರದವರು ಮುನವಳ್ಳಿ ರಸ್ತೆಯ ಎರೆ ಹೊಲದಲ್ಲಿ ಜೋಡಿ ಮನೆಗಳನ್ನು ಕಟ್ಟಿಸಿ, ಚೀಟಿ ಎತ್ತಿ ಹಂಚಿದರು. ಚೀಟಿಯಲ್ಲಿ ನನಗೆ ಒಂದು ಬದಿ ಬಂತು, ಕೃಷ್ಣವ್ವ ಮತ್ತು ಅವಳ ಗಂಡ ಭರಮಪ್ಪನಿಗೆ ಇನ್ನೊಂದು ಬದಿ. ನಾನು ಕೊರಳಲ್ಲಿ ಲಿಂಗ ಕಟ್ಟಿದವಳು. ಅವಳು ಡ್ಯಾಮಿನ ಮೀನು ತಂದು ಸಂತೆಯಲ್ಲಿ ಮಾರುವವಳು.

ಮೊದಲ ವಾರವೇ ಜಗಳಕ್ಕೆ ನಿಂತೆ. ಮೂಗಿಗೆ ಸೆರಗು ಹಿಡಿದುಕೊಂಡೇ ಹೋಗಿದ್ದೆ.

ಅವಳು ಬುಟ್ಟಿ ತೊಳೆಯುತ್ತಿದ್ದವಳು ತಲೆ ಎತ್ತಿ, "ಆಯಿ, ನಿಮ್ಮ ಮೂಗಿನ ಸಲುವಾಗಿ ನನ್ನ ಹೊಟ್ಟಿ ಬಿಡ್ಲೇನ್ರಿ? ಗೋಡಿ ಸರಕಾರದ್ದು, ವಾಸನಿ ದೇವರದ್ದು" ಅಂದಳು.

"ದೇವರ ಮ್ಯಾಲೆ ಹಾಕಬ್ಯಾಡ. ಊದಿನಕಡ್ಡಿ ಹಚ್ಚು" ಅಂದೆ.

ಹಚ್ಚಿದಳು. ಅವತ್ತಿನಿಂದ ಬುಟ್ಟಿ ಇಳಿಸಿದ ಕೂಡಲೆ ಗೋಡೆಯ ಬುಡದಲ್ಲಿ ಒಂದು ಊದಿನಕಡ್ಡಿ ಉರಿಯುತ್ತದೆ. ಮೀನಿನ ವಾಸನೆಯೂ ಬರುತ್ತದೆ, ಊದಿನಕಡ್ಡಿಯದೂ ಬರುತ್ತದೆ, ಎರಡೂ ಕೂಡಿ ಮತ್ತೊಂದು ವಾಸನೆ ಆಗುತ್ತದೆ.

ಅದೇ ಚಳಿಗಾಲ ನನಗೆ ಜ್ವರ ಬಂತು. ಮಗಳು ಬೈಲಹೊಂಗಲದಿಂದ ಬರುವ ಮೊದಲೇ ಕೃಷ್ಣವ್ವ ಒಳಗೆ ಬಂದು ಗಂಜಿ ಕಾಸಿದ್ದಳು. ನಾನು ಬಟ್ಟಲು ಮುಟ್ಟದೆ ಕುಳಿತಿದ್ದೆ. ಅವಳಿಗೆ ತಿಳಿಯಿತು.

"ಭಾಂಡೆ ನಿಮ್ಮದ, ಅಕ್ಕಿ ನಿಮ್ಮದ, ನೀರ ನಳದ್ದು. ಕೈ ಅಷ್ಟ ನಂದು. ಉಂಡ್ರ ಉಣ್ರಿ, ಇಲ್ಲಂದ್ರ ನನ್ನ ಮೀನ ಉಣ್ತಾವು."

"ಸತ್ತ ಮೀನ ಏನ್ ಉಣ್ತಾವಲೇ?"

"ನೀವೂ ಹಂಗ ಆಗೂದರಾಗ ಉಣ್ರಿ ಮತ್ತ."

ಉಂಡೆ. ನಮ್ಮ ಹಿರಿಯರು ನೋಡಿದ್ದರೆ ಏನೆನ್ನುತ್ತಿದ್ದರೋ. ಗಂಜಿಗೆ ಉಪ್ಪು ಸರಿಯಾಗಿತ್ತು.

ಮನೆಗೆ ಬಂದ ಎರಡನೆಯ ಮಳೆಗಾಲಕ್ಕೆ ಸ್ಲ್ಯಾಬು ಸೋರತೊಡಗಿತು. ಎರೆ ಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಮೇಲಿದ್ದ ಮನೆಯನ್ನು ಎಳೆದಾಡುತ್ತದೆ. ಗೋಡೆ ಮೂಲೆಯಿಂದ ಮೂಲೆಗೆ ಸೀಳಿತು, ಸ್ಲ್ಯಾಬಿನಲ್ಲಿ ಕೂದಲೆಳೆಯಂಥ ಗೆರೆಗಳು ಬಿದ್ದವು. ತಕರಾರು ಮಾಡಿದೆವು. ಗುತ್ತಿಗೆದಾರನ ಇಬ್ಬರು ಆಳುಗಳು ಬಂದರು, ಬಕೆಟ್ಟಿನಲ್ಲಿ ಸಿಮೆಂಟು ಕದಡಿ ಮೇಲೆ ಬ್ರಶ್ಶಿನಿಂದ ಬಳಿದರು. ನಾವು ಸೆಗಣಿ ಸಾರಿಸುವುದೂ ಅದಕ್ಕಿಂತ ದಪ್ಪ. ಒಣಗುವ ಮೊದಲೇ ಏಣಿ ಇಳಿದು ಹೋದರು. ಮುಂದಿನ ಮಳೆಗೆ ಸಿಮೆಂಟಿನ ಬಣ್ಣದ ನೀರೇ ಒಳಗೆ ಇಳಿಯಿತು.

ಆಗ ಕೃಷ್ಣವ್ವ ಬಾಯಿ ತೆರೆದಳು. "ಆಯಿ, ನಮ್ಮ ಹಳೇ ಮಾಳಗಿ ಎಂದಾರ ಸೋರಿತ್ತೇನ್ರಿ?"

ಸೋರಿರಲಿಲ್ಲ. ಹಳೆ ಊರಿನಲ್ಲಿ ನಮ್ಮವು ಮಣ್ಣಿನ ಮಾಳಿಗೆಗಳು. ಮೃಗಶಿರೆ ಹುಟ್ಟುವ ಮೊದಲು ಹೊಳೆಸಾಲಿನ ಬಂಜರಿನಿಂದ ಸವಳು ಮಣ್ಣು ತರುತ್ತಿದ್ದೆವು. ಹುಲ್ಲು ಹುಟ್ಟದ ಉಪ್ಪು ಮಣ್ಣು ಅದು, ನಾಲಿಗೆಗೆ ಹಚ್ಚಿದರೆ ಚುರ್ ಅನ್ನುತ್ತದೆ. ಮಾಳಿಗೆಯ ಮೇಲೆ ಹರವಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದರೆ ಮೊದಲ ಮಳೆಗೆ ಅಂಟಿನಂತೆ ಕೂತುಬಿಡುತ್ತದೆ. ಹನಿ ನೀರು ಬಿಡುವುದಿಲ್ಲ. ತಲೆತಲಾಂತರದಿಂದ ಮಾಡಿದ್ದು, ಅದನ್ನು ಯಾರಿಗೂ ಕಲಿಸುವ ಕಾರಣ ಇರಲಿಲ್ಲ.

ಕೃಷ್ಣವ್ವ ಒಂದು ಟ್ರ್ಯಾಕ್ಟರ್ ಸವಳು ತರಿಸಿದಳು. ಸೀರೆ ಕಚ್ಚೆ ಹಾಕಿ ಏಣಿ ಹತ್ತಿದಳು. ಭರಮಪ್ಪ ಬುಟ್ಟಿ ಕೊಡುವುದು, ಇವಳು ಹರವುವುದು. ತನ್ನ ಪಾಲಿನದು ಮುಗಿಸಿ ನನ್ನ ಪಾಲಿನ ಮೇಲೂ ಬಡಿದಳು. ಆ ವರ್ಷ ಒಂದು ಹನಿ ಸೋರಲಿಲ್ಲ. ಸಾಲಿನ ಹೆಂಗಸರೆಲ್ಲ ಬಂದು ಅವಳ ಸ್ಲ್ಯಾಬು ನೋಡಿ ಹೋದರು, ತಾವೂ ಮಣ್ಣು ಹಾಕಿಸಿದರು. ಎರಡು ಮನೆ ಆಚೆಯ ಪರಸಪ್ಪ, ಯಾರನ್ನೂ ಹೊಗಳದವನು, "ಇಂಜಿನಿಯರ ಮಾಡಲಾರದ್ದ ಮೀನಗಾರ್ತಿ ಮಾಡಿದ್ಲು" ಅಂದ. ಕೃಷ್ಣವ್ವ ಆ ಮಾತನ್ನು ಸಂತೆಯಲ್ಲಿ ಮೀನಿನ ಜೊತೆ ಎಲ್ಲರಿಗೂ ಕೊಟ್ಟಳು.

ಮುಂದಿನ ವರ್ಷವೂ ಮಣ್ಣು ಹಾಕಿದಳು. ಅದರ ಮುಂದಿನ ವರ್ಷವೂ ಹಾಕಿದಳು. ಆಮೇಲೆ ಒಳಗೆ ಚಾವಣಿಯಲ್ಲಿ ಕೆಂಪು ಕಲೆ ಕಾಣಿಸಿತು. ಎಲೆಯಡಿಕೆ ಉಗುಳಿದಂಥ ಕಲೆ. ಕಲೆ ಇದ್ದಲ್ಲಿ ಸಿಮೆಂಟಿನ ಗಿಲಾವು ಉಬ್ಬಿತು. ಒಂದು ದಿನ ಬೆಳಗ್ಗೆ ಅಂಗೈ ಅಗಲದ ತುಂಡು ಕಳಚಿ ಅವಳ ಮೀನಿನ ಬುಟ್ಟಿಗೆ ಬಿತ್ತು.

"ಪುಣ್ಯಾಕ ಮೀನ ಮೊದಲ ಸತ್ತಿದ್ದುವು" ಅಂದಳು. ನಗಲಿಲ್ಲ. ಅವಳ ಮಗಳು ಸ್ನೇಹಲ್ ಆಗ ಆರು ತಿಂಗಳ ಬಸುರಿ.

ಸ್ನೇಹಲ್‌ಳನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಗಂಡ ಲಕ್ಷ್ಮಣ ಟೆಂಪೊ ಹೊಡೆಯುತ್ತಾನೆ, ಹುಡುಗ ಒಳ್ಳೆಯವನು. ಮದುವೆಯಾದ ವರ್ಷ ನಿಂತ ಬಸಿರು ಉಳಿದಿರಲಿಲ್ಲ. ಇದು ಎರಡನೆಯ ಸಲ. ಏಳರಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಮಗಳನ್ನು ತವರಿಗೆ ಕರೆತಂದು ಬಾಣಂತನ ಮಾಡಿ ಕಳಿಸಬೇಕು. ಮೊದಲನೆಯ ಬಾಣಂತನ ತವರಿನದು. ಅದನ್ನು ಮಾಡಲಾಗದ ತಾಯಿ ಊರಿನಲ್ಲಿ ಮುಖ ಎತ್ತಿ ನಡೆಯಲಾರಳು. ಮನೆಯಲ್ಲಿ ಇರುವುದು ಒಂದೇ ಕೋಣೆ. ಬಾಗಿಲ ಗಾಳಿ ತಾಗದಂತೆ ಬಾಣಂತಿ ಮಲಗುವ ಹೊರಸು ಹಾಕಲು ಇರುವುದು ಒಂದೇ ಮೂಲೆ. ಆ ಮೂಲೆಯ ಮೇಲೇ ಆ ಕೆಂಪು ಕಲೆ.

ಸಾಲಿನವರೆಲ್ಲ ಕೂಡಿ ಕಚೇರಿಗೆ ಅಲೆದೆವು. ಕಡೆಗೆ ರಿಪೇರಿ ಮಂಜೂರಾಯಿತು. ನೋಡಲು ಬಂದ ಇಂಜಿನಿಯರು ಚಿಕ್ಕ ವಯಸ್ಸಿನ ಹುಡುಗಿ, ಹೆಸರು ಐಶ್ವರ್ಯಾ. ಜೊತೆಗೆ ಗುತ್ತಿಗೆದಾರನ ಆಳುಗಳ ಮೇಲಿನ ಮುಕದ್ದಮ ವಿರೂಪಾಕ್ಷ. ಬಾಯಿ ತುಂಬ ಗುಟ್ಕಾ, ಮಾತು ಬೆಣ್ಣೆ.

ಆ ಹುಡುಗಿ ತಾನೇ ಏಣಿ ಹತ್ತಿದಳು. ಮೇಲಿನಿಂದಲೇ ಕೂಗಿದಳು. "ಯಾರ್ರೀ ಇದರ ಮ್ಯಾಲೆ ಮಣ್ಣ ಹಾಕಿದವರು?"

"ನಾನ ಮೇಡಂ" ಕೃಷ್ಣವ್ವ ಎದೆ ಉಬ್ಬಿಸಿ ಹೇಳಿದಳು. "ಸವಳ ಮಣ್ಣ ಐತಿ. ಒಂದ ಹನಿ ಸೋರೂದಿಲ್ಲ."

ಹುಡುಗಿ ಕೆಳಗೆ ಇಳಿದು, ಕೈ ಒರೆಸಿಕೊಂಡು, ಮೆಲ್ಲಗೆ ಹೇಳಿದಳು. ಬೈಯಲಿಲ್ಲ. "ಅವ್ವಾ, ನಿಮ್ಮ ಹಳೇ ಮಾಳಗಿ ಒಳಗ ಕಟಗಿ ಇರತಿತ್ತು. ಉಪ್ಪ ಕಟಗಿಗೆ ಏನೂ ಮಾಡೂದಿಲ್ಲ. ಈ ಸ್ಲ್ಯಾಬಿನ ಹೊಟ್ಟ್ಯಾಗ ಕಬ್ಬಿಣ ಐತಿ. ನಿಮ್ಮ ಮಣ್ಣ ತಂಪ ಹಿಡಕೊಂಡು ಉಪ್ಪ ಬಿರಕಿನ್ಯಾಗ ಇಳಸೇತಿ. ಕಬ್ಬಿಣಕ್ಕ ತುಕ್ಕ ಹಿಡದ ಉಬ್ಬಿ ಗಿಲಾವ ದೂಡಾಕ ಹತ್ತೇತಿ."

ಕೃಷ್ಣವ್ವ ಸ್ಲ್ಯಾಬಿನ ಕಡೆ ನೋಡಿದಳು, ನೆಲದ ಕಡೆ ನೋಡಿದಳು.

ವಿರೂಪಾಕ್ಷನಿಗೆ ಅಷ್ಟೇ ಬೇಕಾಗಿತ್ತು. "ನೋಡ್ರಿ ಮೇಡಂ, ಇವರ ಮನಿ ಇವರ ಕೆಡಿಸಿಕೊಂಡಾರ. ಸರಕಾರ ಗೋದಿ ಕೊಟ್ರ ಇವರು ಬೂದಿ ಕಲಸ್ತಾರ."

"ಮಣ್ಣ ಹಾಕೂ ಮೊದಲ ಸೋರತಿತ್ತಲೋ ಅಪ್ಪಾ!" ಅಂದೆ ನಾನು. "ನಿಮ್ಮವರ ಬಕೀಟಿನ ನೀರ ಬಡದ ಹೋದದ್ದ ಮರತೀಯೇನ?"

"ಆಯಿ, ನೀವ ಹಿರೇರ, ಸುಮ್ಕಿರ್ರಿ."

ಐಶ್ವರ್ಯಾ ಅವನಿಗೆ ಕೆಲಸ ಹೇಳಿದಳು. ಮಣ್ಣೆಲ್ಲ ತೆಗೆಯಬೇಕು, ಉಬ್ಬಿದ ಗಿಲಾವು ಪೂರ್ತಿ ಕೆತ್ತಬೇಕು, ಕಬ್ಬಿಣದ ತುಕ್ಕು ತಂತಿ ಬ್ರಶ್ಶಿನಿಂದ ತಿಕ್ಕಿ ಔಷಧ ಹಚ್ಚಬೇಕು, ಆಮೇಲೆ ಹೊಸ ಗಿಲಾವು. "ಆತ್ರಿ ಮೇಡಂ, ಆತ್ರಿ ಮೇಡಂ" ಅನ್ನುತ್ತ ಅವನು ಅವಳನ್ನು ಜೀಪಿನವರೆಗೆ ಬಿಟ್ಟು ಬಂದ. ಆಮೇಲೆ ಆ ಹುಡುಗಿಗೆ ಬೇರೆ ಊರಿಗೆ ವರ್ಗವಾಯಿತಂತೆ. ನಾವು ಮತ್ತೆ ಅವಳನ್ನು ಕಾಣಲಿಲ್ಲ.

ಮರುದಿನ ಬಿಸಿಲು ಏರುವ ಹೊತ್ತಿಗೆ ತಲೆಯ ಮೇಲೆ ಕರ್ರಕರ್ರ ಸಪ್ಪಳ. ಹೊರಗೆ ಬಂದು ನೋಡಿದರೆ ಕೃಷ್ಣವ್ವ ಸಲಿಕೆ ಹಿಡಿದು ಮೇಲೆ ನಿಂತಿದ್ದಾಳೆ. ವರ್ಷಗಟ್ಟಲೆ ಬಡಿದು ಕೂರಿಸಿದ ಮಣ್ಣು ಕಲ್ಲಿನಂತಾಗಿತ್ತು. ಹಾರೆಯಿಂದ ಎಬ್ಬಿಸಿ, ಸಲಿಕೆಯಿಂದ ಕೆಳಗೆ ನೂಕುತ್ತಿದ್ದಳು. ಅಂಗೈ ಹರಿದಿತ್ತು.

"ಆಳ ಬರತಾರಲ್ಲ, ನೀ ಯಾಕ ಸಾಯತಿ?" ಅಂದೆ.

"ಸೋರೂದು ನಾ ಹಚ್ಚಿಲ್ಲ ಆಯಿ. ಉಪ್ಪ ನಾ ಹಾಕೇನಿ."

ತನ್ನ ಪಾಲು ಮುಗಿಸಿ ನನ್ನ ಪಾಲಿನದನ್ನೂ ತೆಗೆದಳು. ಮಣ್ಣಿನ ಕೆಳಗೆ ಬಿರುಕುಗಳು ಕಂಡವು, ಜೋಳದ ಕಡ್ಡಿ ಹೋಗುವಷ್ಟು ಅಗಲ. ಸಾಲಿನ ಉಳಿದವರು ಯಾರೂ ಮಣ್ಣು ತೆಗೆಯಲಿಲ್ಲ. ಮಳೆ ಬಂದರೆ ಯಾರು ಸೋರಿಸಿಕೊಳ್ಳುತ್ತಾರೆ ಅಂದರು. ಅದೂ ಸುಳ್ಳಲ್ಲ. ಮಣ್ಣು ಇದ್ದರೆ ತುಕ್ಕು, ತೆಗೆದರೆ ನೀರು.

ರಿಪೇರಿ ಬಂತು. ವಿರೂಪಾಕ್ಷನ ಆಳುಗಳು ಚಾವಣಿಯಲ್ಲಿ ತಾನಾಗಿ ಬೀಳುವಂತಿದ್ದುದನ್ನು ಮಾತ್ರ ಕರಣಿಯ ಹಿಡಿಯಿಂದ ತಟ್ಟಿ ಉದುರಿಸಿದರು. ಕೃಷ್ಣವ್ವ ಸಂತೆಗೂ ಹೋಗದೆ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು. ಕಬ್ಬಿಣ ಹೊರಗೆ ಬಂದಿತ್ತು. ಹಾಳೆಹಾಳೆಯಾಗಿ ಸಿಪ್ಪೆ ಏಳುತ್ತಿತ್ತು.

"ತಂತಿ ಬ್ರಶ್ ಎಲ್ಲೈತ್ರಿ?" ಕೇಳಿದಳು.

ವಿರೂಪಾಕ್ಷ ನಕ್ಕ. "ಹಲ್ಲ ತಿಕ್ಕಾಕ ಬೇಕಾಗಿತ್ತೇನ್ ಯವ್ವಾ?"

"ಮೇಡಂ ಹೇಳ್ಯಾರಲ್ಲ, ತುಕ್ಕ ತಿಕ್ಕಬೇಕಂತ. ಔಷಧಾ ಹಚ್ಚಬೇಕಂತ."

"ಮೇಡಂ ಹೇಳ್ತಾರ, ಹೋಗ್ತಾರ. ಮಾಡವ್ರು ನಾವು. ನಿನ್ನ ಉಪ್ಪಿಗೆ ನಾವೇನ ಔಷಧಾ ತರೂದು? ನೀ ಮೀನಿಗೆ ಹಚ್ಚೂದ ಬಿಟ್ಟ ಮನಿಗೆ ಹಚ್ಚೀದಿ."

ಆಳುಗಳು ನಕ್ಕರು. ತುಕ್ಕಿನ ಮೇಲೆಯೇ ತೆಳ್ಳಗೆ ಸಿಮೆಂಟು ಮೆತ್ತಿ, ಅದರ ಮೇಲೆ ಬಿಳಿ ಬಣ್ಣ ಹೊಡೆದರು. ಸಂಜೆಗೆ ನಮ್ಮ ಸಾಲಿನ ಚಾವಣಿಗಳೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾದವು. ಮನೆಮನೆಗೆ ನುಗ್ಗಿ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಹೋದರು. ಪರಸಪ್ಪ ಖುಷಿಯಲ್ಲಿದ್ದ. "ಮನಿ ಅಂದ್ರ ಹಿಂಗಿರಬೇಕ ನೋಡು, ಮದಲಿಂಗನ ಪಟಕಾದಂಗ!" ನನ್ನದೂ ಬೆಳ್ಳಗಾಗಿತ್ತು. ಮಲಗಿ ನೋಡಿದರೆ ಕಣ್ಣಿಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೃಷ್ಣವ್ವ ಮಾತ್ರ ಹೊರಸನ್ನು ಆ ಮೂಲೆಗೆ ತಳ್ಳುವುದು, ಮತ್ತೆ ಎಳೆಯುವುದು. ಗೋಡೆಯ ಈಚೆ ನನಗೆ ಹೊರಸಿನ ಕಾಲು ಎಳೆದ ಸಪ್ಪಳ ಕೇಳುತ್ತಿತ್ತು. ಕುಬಸಕ್ಕೆ ರಾಮದುರ್ಗಕ್ಕೆ ಹೋಗಿ ಬಂದಳು. ಅಲ್ಲಿ ನಾಲ್ಕು ಜನರ ಮುಂದೆ ಮಗಳನ್ನು ಎಂದು ಕಳಿಸುತ್ತೀರಿ ಎಂದು ಕೇಳಬೇಕಾದವಳು ಕೇಳದೆ ಬಂದಿದ್ದಳು. ಭರಮಪ್ಪ ಹೇಳಿದ, "ಏನಾರ ಕೇಳಿದ್ರ ಬಾಯಿಗೆ ಬೀಗಾ ಹಾಕ್ಕೊಂಡ ಕುಂದರತಾಳ್ರಿ ಆಯಿ. ನೀವರ ಕೇಳ್ರಿ."

ಕೇಳುವ ಮೊದಲೇ ಬೀಗತಿ ಬಂದಳು. ಲಕ್ಷ್ಮಣನ ತಾಯಿ ದೇವಕ್ಕ, ಕಟ್ಟುಮಸ್ತಾದ ಹೆಂಗಸು, ಮಾತು ಒಂದೇ ಏಟಿಗೆ. ಕರೆಯಲಿಲ್ಲವಲ್ಲ, ಏನಾಗಿದೆ ನೋಡೋಣ ಎಂದೇ ಮಗನನ್ನು ಕರೆದುಕೊಂಡು ಬಂದಿದ್ದಳು. ಕೃಷ್ಣವ್ವ ಮಾದಲಿ ಮಾಡಿ ಬಡಿಸಿದಳು. ದೇವಕ್ಕ ಉಂಡು, ಕೈ ತೊಳೆದು, ಮೇಲೆ ನೋಡಿದಳು.

"ಬೇಷ್ ಆಗೇತಿ ಬಿಡ್ರಿ ಬೀಗತಿ. ಹಾಲಿನಂಗ ಐತಿ. ಮನಿ ಬೀಳತೈತಿ ಅಂತ ಯಾರೋ ಅಂದ್ರು, ನಾ ಗಾಬರ್ಯಾಗಿ ಬಂದೆ. ಬರೂ ಸೋಮಾರ ಕಳಸ್ತೇವಿ, ತಯಾರಿ ಮಾಡ್ಕೋರಿ."

ಕೃಷ್ಣವ್ವನ ಕೈಯಲ್ಲಿದ್ದ ತಾಟು ಹಾಗೇ ನಿಂತಿತು. ಹೂಂ ಅಂದಿದ್ದರೆ ಮುಗಿದಿತ್ತು. ಸೋಮವಾರ ಮಗಳು ಬರುತ್ತಿದ್ದಳು, ಸಾಲಿನವರು ಹರಸುತ್ತಿದ್ದರು, ಬಿಳಿ ಚಾವಣಿಯ ಕೆಳಗೆ ಹೊರಸು ಬೀಳುತ್ತಿತ್ತು.

ತಾಟು ಕೆಳಗಿಟ್ಟು, ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು. "ಆಯಿ, ನಿಮ್ಮ ಒನಕಿ ಕೊಡ್ರಿ."

ಏನೋ ಕುಟ್ಟುವುದಿದೆ ಎಂದು ತಂದುಕೊಟ್ಟೆ.

"ಬೀಗತಿ, ಒಂದೀಟ ಹೊರಗ ನಿಂದರ್ರಿ. ಲಕ್ಷ್ಮಣಪ್ಪಾ, ಅವ್ವನ್ನ ಕರಕೊಂಡ ಹೊರಗ ಹೋಗು."

ಹೊರಸನ್ನು ಮೂಲೆಯಿಂದ ಎಳೆದಳು. ಸೆರಗು ತಲೆಗೆ ಬಿಗಿದು, ಗೋಡೆಗೆ ಬೆನ್ನು ಹಚ್ಚಿ ಬದಿಗೆ ನಿಂತು, ಒನಕೆ ಎತ್ತಿ ಮೇಲೆ ಗುದ್ದಿದಳು. ಬರಿದಾದ ಕೊಡ ಬಡಿದಂಥ ಸಪ್ಪಳ ಬಂತು. ಎರಡನೆಯದಕ್ಕೆ ಬಿಳಿ ಬಣ್ಣ ಬಿರಿಯಿತು. ಮೂರನೆಯದಕ್ಕೆ ಚಾವಣಿಯ ಆ ಮೂಲೆ ಪೂರ್ತಿ ಕಳಚಿ ಧೊಪ್ಪನೆ ನೆಲಕ್ಕೆ ಬಿತ್ತು. ಕೋಣೆಯೆಲ್ಲ ಧೂಳು. ಧೂಳು ಇಳಿದ ಮೇಲೆ ಮೇಲೆ ಕಬ್ಬಿಣ ಕಂಡಿತು, ಹುಳ ತಿಂದ ಹಲ್ಲಿನ ಹಾಗೆ. ಕೆಳಗೆ, ಹೊರಸು ಇದ್ದ ಜಾಗದಲ್ಲಿ, ಒಂದು ಬುಟ್ಟಿಯಷ್ಟು, ಮಣಭಾರದ ಕಾಂಕ್ರೀಟು.

ದೇವಕ್ಕ ಬಾಗಿಲಲ್ಲಿ ಕೂಗಿದಳು. "ಹುಚ್ಚ ಹಿಡದೈತೇನ ಈಕಿಗೆ! ನೆಟ್ಟಗಿದ್ದ ಮನಿ!"

"ನೆಟ್ಟಗಿರಲಿಲ್ಲ ಬೀಗತಿ. ಕೂಸಿನ ಮ್ಯಾಲೆ ಬೀಳೂದು ನೆಲಕ್ಕ ಬಿತ್ತು."

"ಮಗಳ ಬಾಣಂತನಾ ತಪ್ಪಿಸ್ಕೊಳ್ಳಾಕ ಇಷ್ಟ ನಾಟಕಾ ಬೇಕಾಗಿತ್ತೇನ? ನನ್ನ ಕೈಲಿ ಆಗೂದಿಲ್ಲ ಅಂತ ಒಂದ ಮಾತ ಅಂದಿದ್ರ ಸಾಕಿತ್ತು."

ಆ ಮಾತು ಕೃಷ್ಣವ್ವನಿಗೆ ಕಾಂಕ್ರೀಟಿಗಿಂತ ಜೋರಾಗಿ ತಾಗಿತು. ನಾನು ಅವಳ ಮುಖ ನೋಡಿದೆ. ಹುಬ್ಬಿನ ಮೇಲೆಲ್ಲ ಸುಣ್ಣದ ಪುಡಿ, ಒಂದೇ ಗಳಿಗೆಯಲ್ಲಿ ನನ್ನ ವಯಸ್ಸಿನವಳಾಗಿದ್ದಳು.

"ಬಾಣಂತನಾ ಮಾಡ್ತೇನಿ" ಅಂದಳು. "ನಿಮ್ಮ ಮನ್ಯಾಗ ಬಂದ ಮಾಡ್ತೇನಿ. ಹಿತ್ತಲದಾಗ ನನಗ ಒಂದ ಮೂಲಿ ಕೊಡ್ರಿ. ನನ್ನ ಅಕ್ಕಿ ನಾ ತರತೇನಿ."

ನಮ್ಮ ಸೀಮೆಯಲ್ಲಿ ಇದು ಕೇಳಿದ ಮಾತಲ್ಲ. ಮಗಳ ಅತ್ತೆಮನೆಯಲ್ಲಿ ತಾಯಿ ತಿಂಗಳುಗಟ್ಟಲೆ ಕೂತು ಉಂಡರೆ ನಾಯಿಯೂ ನಗುತ್ತದೆ. ಲಕ್ಷ್ಮಣ ಒಳಗೆ ಬಂದು, ಬಿದ್ದ ತುಂಡೊಂದನ್ನು ಎರಡೂ ಕೈಯಿಂದ ಎತ್ತಿ ನೋಡಿ, ಮೆಲ್ಲಗೆ ಇಟ್ಟ. "ಬರ್ರಿ ಅತ್ತಿ" ಅಂದ. "ಹಿತ್ತಲದಾಗ ಯಾಕ, ಒಳಗ ಇರ್ರಿ."

ಸುದ್ದಿ ಕೇಳಿ ವಿರೂಪಾಕ್ಷ ಮೋಟರ್‌ಸೈಕಲ್ ಹತ್ತಿ ಬಂದ. ಅವನಿಗೆ ಬೆಣ್ಣೆ ಮಾತು ಮರೆತಿತ್ತು. "ಸರಕಾರದ ಕೆಲಸಾ ಕೆಡಿವೀದಿ. ನಮ್ಮ ಫೋಟೊದಾಗ ಇದು ಪಾಸಾದ ಮನಿ. ಇನ್ನ ಒಂದ ಕರಣಿ ಸಿಮೆಂಟ ನಿನಗ ಸಿಗೂದಿಲ್ಲ, ಹೇಳ್ತೇನಿ!"

"ನೀ ಹಚ್ಚಿದ್ದು ಒನಕಿ ಏಟಿಗೆ ಬಿತ್ತಲ್ಲೋ, ಗಂಡಸ" ಅಂದಳು ಕೃಷ್ಣವ್ವ. ಆದರೆ ದನಿಯಲ್ಲಿ ಸಂತೆಯ ಜೋರು ಇರಲಿಲ್ಲ.

ಅವನಿಗಿಂತ ಹೆಚ್ಚು ಬೈದವರು ನಮ್ಮ ಸಾಲಿನವರು. ವಿರೂಪಾಕ್ಷನ ಕಡೆಯವರು ಮುಂದೆ ಗಟಾರ ಮಾಡಿಕೊಡುತ್ತೇವೆ ಎಂದು ಹೇಳಿ ಹೋಗಿದ್ದರಂತೆ, ಇನ್ನು ಮಾಡುವುದಿಲ್ಲ ಎಂದು ಸಿಟ್ಟು. ಪರಸಪ್ಪ ಬೀದಿಯಲ್ಲಿ ನಿಂತೇ ಅಂದ, "ಮಣ್ಣ ಹಾಕ್ರಿ ಅಂದಾಕಿನೂ ಈಕಿನ, ಮನಿ ಕೆಡವಿದಾಕಿನೂ ಈಕಿನ. ಈಕಿ ಮಾತ ಕೇಳಿ ನಾವು ಹಾಳಾದಿವಿ."

ನಾನು ಅವನಿಗೆ ಒನಕೆ ತೋರಿಸಿದೆ. "ತಗೊ. ಹೋಗಿ ನಿನ್ನ ಚಾವಣಿಗೆ ಒಂದ ಸಲ ತಟ್ಟು. ಗಟ್ಟಿ ಇದ್ರ ಈಕಿಗೆ ನಾನೂ ಬೈತೇನಿ."

ಅವನು ಒನಕೆಯನ್ನು ಮುಟ್ಟಲಿಲ್ಲ. ಆ ಸಾಲಿನಲ್ಲಿ ಯಾರೂ ಮುಟ್ಟಲಿಲ್ಲ. ಎಲ್ಲರ ಚಾವಣಿ ಬೆಳ್ಳಗಿತ್ತು, ಅದರ ಕೆಳಗೆ ಎಲ್ಲರ ಮಕ್ಕಳು ಮಲಗುತ್ತಿದ್ದರು. ತಟ್ಟಿ ನೋಡಿದರೆ ಆಮೇಲೆ ಎಲ್ಲಿಗೆ ಹೋಗುವುದು? ನಾನೂ ತಟ್ಟಲಿಲ್ಲ. ಹಾಸಿಗೆಯನ್ನು ಬಾಗಿಲ ಮುಂದೆ ಹೊದಿಸಿದ ತಗಡಿನ ಕೆಳಗೆ ಹಾಕಿಕೊಂಡೆ, ಅಷ್ಟೆ.

ಕೃಷ್ಣವ್ವ ಅಕ್ಕಿಯ ಗಂಟು, ಬಾಣಂತಿಗೆ ಬೇಕಾದ ಅಳವಿ, ಬೆಲ್ಲ, ಒಣ ಕೊಬ್ಬರಿ ಕಟ್ಟಿಕೊಂಡು ರಾಮದುರ್ಗದ ಬಸ್ಸು ಹತ್ತಿದಳು. ಹೆಣ್ಣು ಕೂಸಾಯಿತು, ತಾಯಿ ಮಗು ಚೆನ್ನಾಗಿದ್ದಾರೆ ಎಂದು ಭರಮಪ್ಪ ಸಕ್ಕರೆ ಹಂಚಿದ. ಅಲ್ಲಿ ಅವಳು ಹೇಗಿದ್ದಳು ಎಂಬುದು ಅವನ ಬಾಯಿಂದಲೇ ನನಗೆ ತಿಳಿಯುತ್ತಿತ್ತು. ಮಗಳಿಗೆ ಎರೆಯುತ್ತಾಳಂತೆ, ಹೊಗೆ ಹಾಕುತ್ತಾಳಂತೆ, ಬೀಗರ ಮನೆಯ ಭಾಂಡೆಯನ್ನೂ ತಿಕ್ಕುತ್ತಾಳಂತೆ. ಬಂದು ಹೋಗುವ ಹೆಂಗಸರು "ಈಕಿ ಯಾರು, ಆಳೇನ?" ಎಂದು ಕೇಳುತ್ತಾರಂತೆ. ದೇವಕ್ಕ ಮೊದಮೊದಲು ಸುಮ್ಮನಿದ್ದು, ಆಮೇಲೆ "ಬಾಣಂತಿ ತಾಯಿ" ಎಂದು ತಾನೇ ಹೇಳತೊಡಗಿದಳಂತೆ.

ಈಚೆ ಮಳೆ ಹಿಡಿಯಿತು. ಮಣ್ಣು ತೆಗೆದ ಸ್ಲ್ಯಾಬು ಎರಡೂ ಕಡೆ ಸೋರಿತು. ಕಚೇರಿಗೆ ಭರಮಪ್ಪ ಹೋಗಿ ಬಂದ, ನಾನೂ ಹೋಗಿ ಬಂದೆ. ರಿಪೇರಿ ಆದ ಮನೆಗೆ ಮತ್ತೆ ರಿಪೇರಿ ಇಲ್ಲ ಅಂದರು.

ಮಳೆಗಾಲ ಕಳೆದು, ಕೂಸು ಕುತ್ತಿಗೆ ನಿಲ್ಲಿಸಿದ ಮೇಲೆ ಸ್ನೇಹಲ್ ಒಂದು ದಿನ ತವರಿಗೆ ಬಂದಳು. ಬಸ್ಸಿಳಿದು, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನಗುತ್ತ ನಡೆದು ಬಂದಳು. ತಾಯಿಯಾಗಿ ತವರಿಗೆ ಮೊದಲ ಸಲ ಬಂದ ಮಗಳು, ಸೀದಾ ಬಾಗಿಲಿಗೆ ಹೋಗಿ ಹೊಸ್ತಿಲಿಗೆ ಕಾಲೆತ್ತಿದಳು.

"ಅಲ್ಲೇ ನಿಂದರು" ಅಂದಳು ಕೃಷ್ಣವ್ವ.

ಅಂಗಳದಲ್ಲೇ ಚಾಪೆ ಹಾಸಿದಳು. ಅಲ್ಲಿಯೇ ಆರತಿ ಎತ್ತಿದಳು, ಅಲ್ಲಿಯೇ ಕೂಸಿನ ಹಣೆಗೆ ಬೊಟ್ಟಿಟ್ಟಳು. ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಿಸಿಲಲ್ಲಿ ನಿಂತು ಕೂಸು ನೋಡಿದರು. ನಾನು ಕೊಡೆ ಹಿಡಿದುಕೊಂಡು ಕೂಸಿನ ಮೇಲೆ ನೆರಳು ಮಾಡಿದೆ. ಸ್ನೇಹಲ್ ಊಟವನ್ನೂ ಅಂಗಳದಲ್ಲೇ ಉಂಡಳು. "ಒಮ್ಮೆ ಒಳಗ ಹೋಗಿ ಬರಲೇನ ಯವ್ವಾ, ಬರೇ ನೋಡಾಕ?" ಅಂದಳು. ಕೃಷ್ಣವ್ವ ಕೂಸಿಗೆ ದೃಷ್ಟಿ ತೆಗೆಯುತ್ತಲೇ ಇದ್ದಳು. ಮಗಳು ಮತ್ತೆ ಕೇಳಲಿಲ್ಲ. ಸಂಜೆಯ ಬಸ್ಸಿಗೆ ಅವರು ಹೊರಟರು.

ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದಳು ಎಂದು ಸಾಲಿನಲ್ಲಿ ಇವತ್ತಿಗೂ ಆಡಿಕೊಳ್ಳುತ್ತಾರೆ. ಬಸ್ಸಿನ ಧೂಳು ಇಳಿಯುವವರೆಗೆ ಕೃಷ್ಣವ್ವ ರಸ್ತೆಯಲ್ಲಿ ನಿಂತಿದ್ದಳು. ಆಮೇಲೆ ಚಾಪೆ ಸುತ್ತಿ ಬಗಲಲ್ಲಿ ಹಿಡಿದು ಒಳಗೆ ಹೋದಳು. ಆ ಕಬ್ಬಿಣದ ಕೆಳಗೇ ಕುಳಿತು, ಗಂಡನಿಗೆ ರೊಟ್ಟಿ ಮಾಡಲು ಒಲೆ ಹಚ್ಚಿದಳು.